ಇಬ್ಬರಿಗೂ ಮಾವನಾದ ಪಂಚರು

ಮೆಲ್ಕಾರ್‌ನ ಮಹಡಿಯೊಂದರಲ್ಲಿ ನಾನೂ ಗೆಳತಿಯೂ ಸೇರಿ ನಡೆಸುವ ಸಾಫ್ಟ್‌ವೇರ್ ಕಚೇರಿಯಿದೆ. ಹೋಟೆಲು, ಸಭಾಂಗಣದವರಿಗೆ ನಾವು ಕೊಡುವ ಪ್ರೋಗ್ರಾಮುಗಳೆಲ್ಲ ನಾನು ವರ್ಷಗಟ್ಟಲೆ ಕೂತು ಬರೆದ ಒಂದೇ ತಳಪಾಯದ ಮೇಲೆ ನಿಂತಿವೆ. ನಮ್ಮಿಂದ ಪ್ರೋಗ್ರಾಮು ಮಾಡಿಸಿಕೊಂಡ ಮೂಡುಬಿದಿರೆಯ ಕೇಟರಿಂಗ್ ಮಾಲೀಕರೊಬ್ಬರು ಅದಷ್ಟೂ ತಮ್ಮದೇ, ಬೇರೆ ಯಾರಿಗೂ ಕೊಡಕೂಡದು ಎಂದು ನೋಟಿಸು ಕಳಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಅವರು ಗೆದ್ದರೆ ನಾವು ಬಾಗಿಲು ಹಾಕುವುದೇ.

ಕೋರ್ಟಿಗೆ ಎಳೆಯುತ್ತೇನೆಂದು ಬಂಟ್ವಾಳದ ವಕೀಲರ ಬಳಿಗೆ ಓಡಿದೆ. ಅವರು ಕರಾರು ಓದಿ ನಕ್ಕರು.

"ಇದರಲ್ಲಿ ಆರ್ಬಿಟ್ರೇಶನ್ ಅಂತ ನೀವೇ ಬರೆದದ್ದುಂಟಲ್ಲ. ಇಬ್ಬರೂ ಒಪ್ಪಿದ ಪಂಚರೊಬ್ಬರು ಕೇಳಿ ತೀರ್ಪು ಕೊಡ್ತಾರೆ. ಕೋರ್ಟಲ್ಲಿ ಗೆದ್ದವ ಸೋತ, ಸೋತವ ಸತ್ತ. ಆದರೆ ಪಂಚರು ಯಾರಿಗೂ ಸಂಬಂಧಿಕರಾಗಿರಬಾರದು."

ಈ ಊರಲ್ಲಿ ಅಂಥವರನ್ನು ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತರಲು ಹೋದ ಹಾಗೆ. ನಾನು ಹೇಳಿದ ಬೆಳ್ತಂಗಡಿಯ ಪ್ರೊಫೆಸರು ಕೇಟರಿಂಗಿನವರ ಭಾವನಂತೆ. ಅವರು ಹೇಳಿದವರ ಹೆಸರು ಕೇಳಿದ ಕೂಡಲೇ ಅಮ್ಮ, "ಅವರು ನಮ್ಮ ದೊಡ್ಡಮ್ಮನ ಅಳಿಯ ಅಲ್ವಾ?" ಎಂದರು. ಕೊನೆಗೆ ಸಿಕ್ಕ ಶಿರ್ತಾಡಿಯ ನಿವೃತ್ತ ಎಂಜಿನಿಯರು ನನಗೆ ದೂರದ ಸೋದರಮಾವ, ಕೇಟರಿಂಗಿನವರಿಗೆ ಹೆಂಡತಿಯ ಕಡೆಯಿಂದ ಮಾವ.

"ಸಮ ಆಯ್ತಲ್ಲ," ಎಂದರು ವಕೀಲರು. "ಸಂಬಂಧ ಗೊತ್ತಿದ್ದೂ ಒಪ್ಪಿದ್ದೇವೆ ಅಂತ ಇಬ್ಬರೂ ಬರೆದುಕೊಡಿ."

ಬರೆದುಕೊಟ್ಟೆವು. ಶಿರ್ತಾಡಿಯಲ್ಲಿ ಮಾವನ ಮನೆಯ ಜಗಲಿಯಲ್ಲಿ ವಿಚಾರಣೆಗೆ ಕೂತಾಗ ಮೊದಲು ಬಂದದ್ದು ಬೆಲ್ಲ, ನೀರು. ನಾನು ಮುಖ ಗಂಟಿಕ್ಕಿಕೊಂಡೇ ಬೆಲ್ಲ ಕಚ್ಚಿದೆ. ವಕೀಲರ ವಾದ ಮುಗಿದ ಮೇಲೆ ಮಾವ ಕೇಟರಿಂಗಿನವರನ್ನೇ ಕೇಳಿದರು.

"ಈ ಪ್ರೋಗ್ರಾಮ್ ಇಟ್ಟುಕೊಂಡು ನೀವು ಎಂತ ಮಾಡ್ತೀರಿ?"

ಅವರು ಸ್ವರ ತಗ್ಗಿಸಿದರು. "ಎಂತದೂ ಇಲ್ಲ. ಅದರೊಳಗೆ ನನ್ನ ಅಮ್ಮನ ಅಳತೆ ಉಂಟು. ಸಾವಿರ ಜನಕ್ಕೆ ಕೋಳಿ ಸುಕ್ಕಕ್ಕೆ ಎಷ್ಟು ಮೆಣಸು, ಎಷ್ಟು ಕೊತ್ತಂಬರಿ. ಅದು ಬೇರೆ ಅಡುಗೆಯವರ ಕೈಗೆ ಹೋಗಬಾರದು."

ನನ್ನ ಸಿಟ್ಟು ಇಳಿದೇ ಹೋಯಿತು. ಆ ಅಳತೆಗಳು ತಳಪಾಯದಲ್ಲಿರಲಿಲ್ಲ, ಅವರಿಗೆಂದೇ ಬರೆದ ಭಾಗದಲ್ಲಿ ಬೇರೆಯೇ ಇದ್ದವು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಕೋರ್ಟಾಗಿದ್ದರೆ ಅವು ಕಡತ ಸೇರಿ ಹತ್ತು ಜನರ ಕಣ್ಣಿಗೆ ಬೀಳುತ್ತಿದ್ದವು. ಇಲ್ಲಿ ಆ ಜಗಲಿ ದಾಟಲಿಲ್ಲ. ತಳಪಾಯ ನನಗೆ, ಅಳತೆ ಅವರಿಗೆ ಎಂದು ತೀರ್ಪಾಯಿತು.

"ನಿಮಗೂ ಮಾವ, ನನಗೂ ಮಾವ. ಹಾಗಾದರೆ ನಾವು ಪರಸ್ಪರ ಎಂತ ಆಗಬೇಕು?" ಎಂದರು ಕೇಟರಿಂಗಿನವರು.

"ಊಟಕ್ಕೆ ಕೂತುಕೊಳ್ಳಿ, ಮತ್ತೆ ನೋಡುವ," ಎಂದರು ಅತ್ತೆ ಒಳಗಿನಿಂದ.

ಮರುದಿನ ಬೆಳಿಗ್ಗೆ, ಇಷ್ಟು ದಿನ ಕಾಯಿಸಿದ್ದ ಕಕ್ಕಿಂಜೆಯ ಹೋಟೆಲಿನವರಿಗೆ ಫೋನು ಮಾಡಿದೆ. "ಪ್ರೋಗ್ರಾಮ್ ನಮ್ಮದೇ. ಕರಾರು ಮಾಡುವ, ಬನ್ನಿ."

"ಬರ್ತೇನೆ. ಅಲ್ಲ, ನಿಮ್ಮದು ಯಾವ ಮನೆ?"

"ಅದೊಂದು ಕೇಳಬೇಡಿ ಮಾರಾಯ್ರೆ," ಎಂದೆ. "ಮೊದಲು ಸಹಿ ಹಾಕುವ."