ಕರೆಂಟು ಹೋದ ಮೇಲೆ ಕಾವೇರಿ ಆಡಿದ ಮಾತು

ಲಕ್ಷ್ಮೇಶ್ವರದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಗುಲ್ನಾಜಗೆ ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಶಾಲೆಗೆ ಪ್ರಯೋಗಕ್ಕೆಂದು ಕಂಪ್ಯೂಟರುಗಳು ಬಂದಿದ್ದವು. ಅವುಗಳೊಳಗೆ ಒಂದು ಊರೇ ಇತ್ತು: ರೈಲ್ವೆ ಸ್ಟೇಶನ್ನು, ಅಂಗಡಿ, ಆಸ್ಪತ್ರೆ. ಮಕ್ಕಳು ಒಂದೊಂದು ಗೊಂಬೆಯಾಗಿ ಅಲ್ಲಿ ಓಡಾಡುತ್ತ ಇಂಗ್ಲಿಷಿನಲ್ಲಿ ಮಾತಾಡಬೇಕು. ಇದನ್ನು ಮುಂದುವರಿಸಬೇಕೋ ಬೇಡವೋ ಎಂದು ಜಿಲ್ಲೆಯ ಇಂಗ್ಲಿಷ್ ಶಿಕ್ಷಕರೆಲ್ಲ ಶನಿವಾರ ಗದಗಿನ ಸಭೆಯಲ್ಲಿ ಅಭಿಪ್ರಾಯ ಹೇಳಬೇಕಿತ್ತು.

"ಇದೊಂದು ಆಟ ನೋಡ್ರಿ ಮೇಡಂ," ಎಂದಿದ್ದರು ಅದೇ ಶಾಲೆಯ ಹಿರಿಯ ಸಕ್ರಪ್ಪ ಮಾಸ್ತರು. "ಗೊಂಬಿ ಕುಣಿಸಿದ್ರ ವ್ಯಾಕರಣ ಬರತೈತೇನು?"

ಗುಲ್ನಾಜಗೆ ಹಾಗನ್ನಿಸಿರಲಿಲ್ಲ. ಯಳವತ್ತಿಯಿಂದ ಬಸ್ಸಿಗೆ ಬರುವ ಕಾವೇರಿ ಹಾಜರಿಗೂ ಬಾಯಿ ಬಿಚ್ಚದೆ ಕೈ ಎತ್ತುವ ಹುಡುಗಿ. ಅಂಥವಳು ಆ ಸ್ಟೇಶನ್ನಿನಲ್ಲಿ ಕಂಪ್ಯೂಟರೇ ಮಾತಾಡಿಸುವ ಟಿಕೀಟು ಬಾಬುವಿನ ಜೊತೆ ವಾದಕ್ಕೇ ಇಳಿದಿದ್ದಳು.

ಬುಧವಾರ ಕರೆಂಟು ಹೋಯಿತು. ಪರದೆಗಳು ಕಪ್ಪಾದವು, ಮಕ್ಕಳು ಗಪ್ಪಾದರು. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ವಾಕ್ಯ ಕೂಡಿಸುತ್ತಿದ್ದ ಕಾವೇರಿಗೆ ಅದು ಗೊತ್ತಾಗಲಿಲ್ಲ. ಸದ್ದಡಗಿದ ಕೋಣೆಯಲ್ಲಿ ಅವಳ ದನಿಯೊಂದೇ ಎದ್ದಿತು: "ಐ ವಾಂಟ್ ಗೋ ಟು ಗದಗ. ವೈ ಯು ನಾಟ್ ಗಿವಿಂಗ್ ಟಿಕೆಟ್?"

ಹುಡುಗರು ಬಿದ್ದು ಬಿದ್ದು ನಕ್ಕರು. ಗುಲ್ನಾಜಗೂ ನಗು ತಡೆಯಲಾಗಲಿಲ್ಲ. ಕಣ್ಣು ತೆರೆದ ಕಾವೇರಿ ಮೊದಲು ನೋಡಿದ್ದು ಟೀಚರ ಮುಖವನ್ನೇ.

ಗುರುವಾರ ಅವಳು ಬರಲಿಲ್ಲ, ಶುಕ್ರವಾರವೂ ಇಲ್ಲ. ಸಂಜೆ ಗುಲ್ನಾಜ ಮನೆಯ ದಾರಿ ಬಿಟ್ಟು ಯಳವತ್ತಿಯ ಬಸ್ಸು ಹತ್ತಿದಳು.

"ಜ್ವರಾ ಗಿರಾ ಏನಿಲ್ರಿ ಟೀಚರ್, ಕುಂಡ್ರಿ," ಎಂದಳು ಹುಡುಗಿಯ ತಾಯಿ ರಾಮವ್ವ. "ಸಾಲಿಗೆ ಒಲ್ಲೆ ಅಂತಾಳ. ಯಾಕ ಅಂತ ಕೇಳಿದ್ರ ಬಾಯಿ ಬಿಡವಲ್ಲಳು."

ಕಾವೇರಿ ಬಾಗಿಲ ಮರೆಯಿಂದಲೇ ಹೇಳಿದಳು: "ಆ ಊರಾಗ ನನ್ನ ಮಾರಿ ಯಾರಿಗೂ ಕಾಣೂದಿಲ್ರಿ. ತಪ್ಪಾದ್ರ ಆ ಬಾಬು ನಗೂದಿಲ್ಲ. ನೀವ ನಕ್ರಿ."

"ಖರೆ ಐತಿ, ನಕ್ಕೆ. ತಪ್ಪಾತವ್ವಾ."

ಹುಡುಗಿ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಸಭೆಯಲ್ಲಿ ಸಕ್ರಪ್ಪ ಮಾಸ್ತರು ಬೇಡವೇ ಬೇಡ ಎಂದರು. ಮುಂಡರಗಿಯ ಜಾವೀದ ಮಾಸ್ತರು ಹಾಡಿ ಹೊಗಳಿದರು. ಗುಲ್ನಾಜ ಎದ್ದು ನಿಂತಳು.

"ಇದು ಬೇಕ್ರಿ. ನಮ್ಮ ಮುಂದ ಬಾಯಿ ಬಿಡದ ಹುಡುಗಿ ಅಲ್ಲಿ ಜಗಳಾ ಮಾಡಿದ್ಲು. ಆದ್ರ ಆಕಿ ಮಾತು ಹೊರಗ ಕೇಳಿದ ಕೂಡಲೇ ನಾವು ನಕ್ವಿ. ಆ ಊರಾಗ ಬಂದ ಧೈರ್ಯ ಈ ಊರಾಗ ಉಳೀಬೇಕಂದ್ರ ಏನು ಮಾಡೋಣು? ಅದನ್ನ ಯಾರೂ ಮಾತಾಡವಲ್ರಿ."

"ಹಾಗಾದರೆ ನಿಮ್ಮದು ಒಪ್ಪಿಗೆ ಅಂತಲೇ?" ಸಭೆ ನಡೆಸುತ್ತಿದ್ದ ಅಧಿಕಾರಿ ಕೇಳಿದರು.

"ಒಪ್ಪಿಗಿ ಐತ್ರಿ. ಸಮಾಧಾನ ಇಲ್ಲ."

ಪ್ರಯೋಗ ಮುಂದುವರಿಯಿತು. ಸೋಮವಾರ ಕಾವೇರಿ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಗುಲ್ನಾಜ ತರಗತಿಗೊಂದು ಕಟ್ಟಳೆ ಮಾಡಿದಳು: ಯಾರ ಮಾತಿಗೆ ಯಾರು ನಕ್ಕರೂ, ನಕ್ಕವರು ಎದ್ದು ಅದೇ ಮಾತನ್ನು ತಾವು ಸರಿಯಾದ ಇಂಗ್ಲಿಷಿನಲ್ಲಿ ಹೇಳಬೇಕು. ಮೊದಲು ಸಿಕ್ಕಿಬಿದ್ದವನು ಹನಮಂತ. ಅರ್ಧ ವಾಕ್ಯಕ್ಕೇ ತಡವರಿಸಿ ಬೆವೆತು ನಿಂತ. ಹಿಂದಿನಿಂದ ಕಾವೇರಿ, ಯಾರೂ ಕೇಳದೆಯೇ, ಮುಂದಿನ ಪದ ಹೇಳಿಕೊಟ್ಟಳು.

ಅದೂ ತಪ್ಪೇ ಇತ್ತು. ತಿದ್ದಲೋ ಬಿಡಲೋ ತಿಳಿಯದೆ ಗುಲ್ನಾಜ ಸೀಮೆಸುಣ್ಣ ಹಿಡಿದುಕೊಂಡೇ ನಿಂತಳು.