ಒಲೆಗೆ ಹೋದ ದಿಮ್ಮಿ

“ಆ ಕೊಳೆತ ಮರದ ದಿಮ್ಮಿ ಎಲ್ಲಿ, ಯಜಮಾನ್ರೇ?” ಹನಗೋಡಿನ ನಮ್ಮ ಹೊಲಕ್ಕೆ ಎರಡನೇ ಸಲ ಬಂದಿದ್ದ ಕೀಟ ಸಂಶೋಧಕಿ ಕೇಳಿದಾಗ ಅಪ್ಪ ಹೊಗೆಸೊಪ್ಪನ್ನು ಒಲೆಯ ಶಾಖದಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಕಡೆ ನೋಡಿದರು. ಹಿಂದಿನ ವರ್ಷ ಆಕೆ ಆ ದಿಮ್ಮಿಯೊಳಗೆ ಸಿಕ್ಕ ಕರಿ ಜೀರುಂಡೆಯ ಒಂದು ಕಾಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರು. ಅದರ ಹತ್ತಿರದ ಬಂಧುಗಳಿರುವುದು ಮಡಗಾಸ್ಕರ್‌ನಲ್ಲಂತೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಆ ನೆಲವೂ ನಮ್ಮ ನೆಲವೂ ಒಂದಾಗಿದ್ದ ಕಾಲದಿಂದ ಅದರ ವಂಶ ಇಲ್ಲಿ ಉಳಿದುಬಂದಿತ್ತಂತೆ. ಬೇರೆಲ್ಲೂ ಅದು ಆಕೆಗೆ ಸಿಕ್ಕಿರಲಿಲ್ಲ.

“ಗೊತ್ತಾಗ್ನಿಲ್ಲ ಕಣವ್ವ, ಸೊಪ್ಪು ಬೇಯ್ಸೋಕೆ ಅದ್ನೂವೆ ಒಲೆಗಾಕ್ಬುಟ್ಟೆ,” ಎಂದ ಅಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದರು.

ಈಗಲೂ ಅಪ್ಪ ಸೌದೆಯ ಒಂದೊಂದು ತುಂಡನ್ನೂ ಒಲೆಗೆ ಹಾಕುವ ಮುನ್ನ ನೆಲಕ್ಕೆ ಕುಟ್ಟಿ, ಏನಾದರೂ ಹೊರಬಂದೀತೇ ಎಂದು ಕಾಯುತ್ತಾರೆ. ಇದುವರೆಗೆ ಬಂದಿಲ್ಲ.