ಬಟ್ಟೆ ಒಗೆಯುವ ಡೀನಿಯ ಒಂದು ಗಂಟೆಯ ಬಿಡುವು

ಡೀನಿಗೆ ವರ್ಷವಿಡೀ ಒಗೆಯುವುದೇ ಕೆಲಸ. ಊರಾಚೆಯ ವೃದ್ಧಾಶ್ರಮದಲ್ಲಿ ಆಳೆತ್ತರದ ಯಂತ್ರಗಳಿಗೆ ಹೊದಿಕೆ ತುಂಬುವುದು, ತೆಗೆಯುವುದು, ಮಡಚುವುದು. ಡಿಸೆಂಬರಿನಲ್ಲಿ ಗೋಗರೆದು ಎರಡು ದಿನ ರಜೆ ಗಿಟ್ಟಿಸಿಕೊಳ್ಳುತ್ತಾಳೆ. ಆ ಎರಡು ದಿನ ಏನು ಮಾಡುತ್ತಾಳೆ ಅನ್ನುತ್ತೀರಿ? ತನ್ನ ಮನೆಯ ಮುಂದಿನ ಕಲ್ಲುಹಾಸಿನ ಬೀದಿಯಲ್ಲಿ ಮರದ ತೊಟ್ಟಿ ಇಟ್ಟುಕೊಂಡು, ತಲೆಗೆ ಬಿಳಿ ಟೋಪಿ ಕಟ್ಟಿಕೊಂಡು ಮತ್ತೆ ಬಟ್ಟೆ ಒಗೆಯುತ್ತಾಳೆ. ಇದಕ್ಕೆ ಹಬ್ಬ ಅಂತ ಹೆಸರು.

ಐಸೆಲ್ ನದಿಯ ದಂಡೆಯ ಆ ಹಳೇ ಕೇರಿ ಕ್ರಿಸ್ಮಸ್ಸಿಗೆ ಮುಂಚಿನ ಎರಡು ದಿನ ನೂರೈವತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಮನೆಗೆ ಒಂದೋ ಎರಡೋ ವೇಷ. ವೇಷ ಮನುಷ್ಯರದಲ್ಲ, ಮನೆಯದು. ಡೀನಿಗೆ ಮನೆ ಮಾರಿದ ಹೆಂಗಸು ಬೀಗದ ಕೈ ಜೊತೆಗೆ ತೊಟ್ಟಿಯನ್ನೂ ಕೊಟ್ಟು ಕೈತೊಳೆದುಕೊಂಡಳು. ಗಂಡ ಹರ್ಮನ್‌ನ ಪಾಲಿಗೆ ಬಂದದ್ದು ಇದ್ದಿಲು ಮಾರುವವನ ವೇಷ. ಅಂದರೆ ಮುಖಕ್ಕೆ ಮಸಿ ಬಳಿದುಕೊಂಡು, ಬಿಸಿ ಬಿಸಿ ವೈನ್ ಹೀರುತ್ತಾ ಪೆಟ್ಟಿಗೆಯ ಮೇಲೆ ಕೂರುವ ಕೆಲಸ. ಪುಣ್ಯವಂತ.

ಸಾವಿರಗಟ್ಟಲೆ ಜನ ಬರುತ್ತಾರೆ. ಹಗ್ಗ ಕಟ್ಟಿದ ದಾರಿಯಲ್ಲಿ ಒಂದೇ ಕಡೆಯಿಂದ ಬಂದು ಒಂದೇ ಕಡೆಗೆ ಹೋಗುತ್ತಾರೆ. ಡೀನಿ ಅವರಿಗೆ ನೀರು ಎರಚುತ್ತಾಳೆ, ಬಾಯಿಗೆ ಬಂದಂತೆ ಬೈಯುತ್ತಾಳೆ, ಅವರು ನಗುತ್ತಾ ಫೋಟೋ ಹಿಡಿಯುತ್ತಾರೆ. ಇಷ್ಟು ವರ್ಷದಲ್ಲಿ ಅವಳು ಕಂಡ ಹಬ್ಬವೆಂದರೆ ತೊಟ್ಟಿಯಿಂದ ಬೇಕರಿಯ ಮೂಲೆಯವರೆಗೆ, ಅಷ್ಟೇ. ಉಳಿದದ್ದನ್ನು ಟಿವಿಯಲ್ಲಿ ನೋಡಿದ್ದಾಳೆ. ಸಂಜೆಗೆ ಸೊಂಟ ಬಿದ್ದುಹೋಗಿರುತ್ತದೆ, ಕೈಗಳು ಯಾರದೋ ಅನ್ನಿಸುತ್ತವೆ.

ಈ ವರ್ಷ ಮಾತ್ರ ಮೊಮ್ಮಗಳು ಫೆನ್ನಾ ಅಡ್ಡ ನಿಂತಳು. ಚರ್ಚಿನ ಮೆಟ್ಟಿಲ ಮೇಲೆ ಮೂರು ಗಂಟೆಗೆ ಮಕ್ಕಳ ಹಾಡು. ಅದರಲ್ಲೊಂದು ಚರಣ ಫೆನ್ನಾ ಒಬ್ಬಳೇ ಹಾಡಬೇಕು.

"ಓಮಾ, ನೀನು ಬರ್ಲೇಬೇಕು," ಎಂದು ಅಜ್ಜಿಯ ತೋಳು ಹಿಡಿದು ಜೋತಾಡಿದಳು. "ಓಪಾ ಬಂದ್ರೆ ಲೆಕ್ಕ ಇಲ್ಲ. ಓಪಾ ಎಲ್ಲಾದಕ್ಕೂ ಚಪ್ಪಾಳೆ ಹೊಡೀತಾನೆ." ಓಪಾ ಎಂದರೆ ತಾತ ಹರ್ಮನ್.

ಹಿಂದಿನ ವರ್ಷ ಫೆನ್ನಾ ಕುರಿಮರಿಯ ವೇಷ ಹಾಕಿದ್ದಳು. ಡೀನಿ ಹೋಗಲಾಗಲಿಲ್ಲ. ಹುಡುಗಿ ಎಷ್ಟೋ ದಿನ ಅವಳ ತೊಡೆ ಹತ್ತಲಿಲ್ಲ. ಅದನ್ನು ಡೀನಿ ಮರೆತಿಲ್ಲ. ಬರುತ್ತೇನೆ ಎಂದು ಮಾತು ಕೊಟ್ಟಳು.

ಮಗಳು ಮಾರ್ಲುಸ್ ಒಂದು ಗಂಟೆ ತೊಟ್ಟಿ ನೋಡಿಕೊಳ್ಳಲು ಒಪ್ಪಿದಳು. ಒಗೆಯುವವಳ ವೇಷ ಇದ್ದದ್ದು ಒಂದೇ. ಡೀನಿ ಟೋಪಿ, ಏಪ್ರನ್ನು ಬಿಚ್ಚಿ ಮಗಳಿಗೆ ತೊಡಿಸಿ, ತನ್ನ ಕಂದು ಕೋಟು ಹಾಕಿಕೊಂಡಳು.

"ಬೈಯೋಕೆ ಬರುತ್ತಾ ನಿಂಗೆ?"

"ನಿನ್ನ ಮಗಳಲ್ವಾ, ಹೋಗಮ್ಮಾ," ಎಂದಳು ಮಾರ್ಲುಸ್.

ಹಿತ್ತಿಲ ಓಣಿಯಿಂದ ಸುತ್ತುಹಾಕಿದರೆ ಚರ್ಚು ಹತ್ತಿರ. ಓಣಿಯ ಗೇಟು ಹಿಂದೆ ಟಪ್ಪೆಂದು ಮುಚ್ಚಿಕೊಂಡು ಬೀಗ ಬಿತ್ತು. ನಾಲ್ಕು ಹೆಜ್ಜೆ ಹೋಗಿ ಜೇಬು ತಡಕಿದರೆ ಖಾಲಿ. ಬೀಗದ ಕೈ, ಫೋನು, ಹಗ್ಗ ದಾಟಲು ಕೇರಿಯವರಿಗೆ ಕೊಟ್ಟಿದ್ದ ಪಾಸು, ಎಲ್ಲವೂ ಏಪ್ರನ್ನಿನ ಜೇಬಿನಲ್ಲಿ. ಕೂಗಿದರೆ ಈ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಚರ್ಚಿನ ಪಕ್ಕದ ಹಗ್ಗದ ಹತ್ತಿರ ಹಳದಿ ಜಾಕೆಟ್ಟಿನ ನಡುವಯಸ್ಸಿನ ಕಾವಲಿನವನೊಬ್ಬ ನಿಂತಿದ್ದ. ಎಲ್ಲಿಂದಲೋ ಕರೆಸಿದ್ದವನು.

"ಕ್ಯೂ ಸೇತುವೆ ಹತ್ರ ಶುರು ಮೇಡಂ. ಹಿಂದಕ್ಕೆ ಹೋಗಿ."

"ನಾನು ಈ ಕೇರಿಯವಳೇ ಕಣಪ್ಪಾ. ಬಟ್ಟೆ ಒಗೆಯೋಳು."

"ಬಟ್ಟೆ ಒಗೆಯೋಳು ಅಲ್ಲಿ ಒಗೀತಾ ಇದಾಳೆ. ಈಗ್ತಾನೆ ನೋಡ್ಕೊಂಡು ಬಂದೆ, ಬೈಸ್ಕೊಂಡೂ ಬಂದೆ."

"ಅವಳು ನನ್ನ ಮಗಳು."

"ಬೆಳಗ್ಗಿಂದ ಇಲ್ಲಿ ಎಲ್ಲರೂ ಯಾರದೋ ಅಮ್ಮನೇ," ಎಂದನವನು, ಸುಸ್ತಾದ ದನಿಯಲ್ಲಿ. ಅವನಿಗೂ ಕಾಲು ನೋಯುತ್ತಿತ್ತೆಂದು ಕಾಣುತ್ತದೆ.

ಹಗ್ಗದ ಒಳಗೆ ಪಕ್ಕದ ಮನೆಯ ಬೆರ್ಟಸ್ ಕೂತಿದ್ದ. ತೆರಿಗೆ ಇಲಾಖೆಯಿಂದ ನಿವೃತ್ತನಾದವನು, ಅವನ ಮನೆಗೆ ಭಿಕ್ಷುಕನ ವೇಷ. ಡೀನಿಗೆ ಜೀವ ಬಂದಂತಾಯಿತು.

"ಬೆರ್ಟಸ್, ನಾನ್ಯಾರು ಅಂತ ಇವ್ರಿಗೆ ಸ್ವಲ್ಪ ಹೇಳೋ."

ವೇಷ ಹಾಕಿದ ಮೇಲೆ ಈ ಕಾಲದ ಯಾರನ್ನೂ ಗುರುತಿಸಬಾರದು. ಅದು ಆ ಕೇರಿಯ ಕಟ್ಟುಪಾಡು. ಡೀನಿಯೂ ಏನೋ ನಾಟಕ ಆಡುತ್ತಿದ್ದಾಳೆ ಅಂದುಕೊಂಡ ಬೆರ್ಟಸ್ ಹುರುಪಿನಿಂದ ತಟ್ಟೆ ಚಾಚಿದ. "ಅಮ್ಮಾ ತಾಯೀ, ನಿಮ್ಮಂಥ ದೊಡ್ಡ ಮನೆಯವ್ರು ಈ ಬಡವನ್ನ ಎಲ್ಲಿ ಕಂಡಿರ್ತೀರಾ? ಒಂದು ಕಾಸು ಹಾಕಿ."

ಜನ ಗೊಳ್ಳೆಂದು ನಕ್ಕರು. ಕಾವಲಿನವನೂ ನಕ್ಕ.

"ನಿನ್ನ ತಲೆ," ಎಂದು ಡೀನಿ ಸೇತುವೆಯ ಕಡೆ ತಿರುಗಿದಳು.

ಕ್ಯೂ ನದಿಯುದ್ದಕ್ಕೂ ಮಲಗಿತ್ತು. ಅವಳ ಮುಂದೆ ದಪ್ಪ ಮಫ್ಲರಿನ ಹೆಂಗಸೊಬ್ಬಳು ಓಲಿಬೊಲ್ ಎಂಬ ಕರಿದ ಹಿಟ್ಟಿನುಂಡೆ ತಿನ್ನುತ್ತಾ ಸಕ್ಕರೆಪುಡಿ ಉದುರಿಸಿಕೊಳ್ಳುತ್ತಿದ್ದಳು. ಮೊದಲ ಸಲವೇ ಎಂದು ಕೇಳಿದಳು. ಡೀನಿ ಹೌದೆಂದಳು.

"ಬಟ್ಟೆ ಒಗೆಯೋಳನ್ನ ಮಾತ್ರ ತಪ್ಪದೆ ನೋಡಿ. ಏನು ಬೈತಾಳೆ ಅಂತೀರಾ! ತುಂಬಾ ದುಡ್ಡು ಕೊಡ್ತಾರೇನೋ."

"ಬಟಾಣಿ ಸೂಪು ಕೊಡ್ತಾರೆ," ಎಂದಳು ಡೀನಿ. "ಒಂದೇ ಬಟ್ಟಲು."

ಚರ್ಚಿನ ಗಂಟೆ ಮೂರು ಹೊಡೆದಾಗ ಅವಳು ಇನ್ನೂ ತಾತ್ಕಾಲಿಕ ಶೌಚಾಲಯಗಳ ಪಕ್ಕದಲ್ಲಿದ್ದಳು. ಮಕ್ಕಳ ದನಿ ಗಾಳಿಯಲ್ಲಿ ತೇಲಿ ಬಂತು, ಪದ ತಿಳಿಯುವಷ್ಟಲ್ಲ. ಆಮೇಲೆ ಒಂದೇ ಒಂದು ಸಣ್ಣ ದನಿ. ಅದು ಫೆನ್ನಾದೋ ಬೇರೆ ಮಗುವಿನದೋ ಗೊತ್ತಾಗಲಿಲ್ಲ. ಸ್ವಂತ ಮೊಮ್ಮಗಳ ದನಿ ಗುರುತು ಹತ್ತಲಿಲ್ಲವಲ್ಲ ಎಂದು ಡೀನಿಗೆ ಅಳು ಬಂತು. ಅಳುವುದಕ್ಕೂ ಶಕ್ತಿಯಿರಲಿಲ್ಲ. ಸಾಲು ಒಂದು ಹೆಜ್ಜೆ ಸರಿಯಿತು, ಅವಳೂ ಸರಿದಳು.

ಅವಳು ತಲುಪುವಷ್ಟರಲ್ಲಿ ಚರ್ಚಿನ ಮೆಟ್ಟಿಲು ಖಾಲಿ. ಹಗ್ಗದ ದಾರಿ ಅವಳನ್ನು ಬೇಕರಿಯ ಮೂಲೆ ದಾಟಿಸಿ ಅವಳದೇ ಮನೆಯ ಮುಂದೆ ತಂದು ಬಿಟ್ಟಿತು. ತೊಟ್ಟಿಯ ಹತ್ತಿರ ಮಾರ್ಲುಸ್ ಕೈ ನೀಲಿಗಟ್ಟಿಸಿಕೊಂಡು ನಿಂತಿದ್ದಳು. ಹರ್ಮನ್ ಆಗಲೇ ಮೊಮ್ಮಗಳನ್ನು ಕರೆತಂದಿದ್ದ. ಫೆನ್ನಾ ಇದ್ದಿಲ ಪೆಟ್ಟಿಗೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು.

"ಎಲ್ಲಿಗೆ ಹಾಳಾಗಿ ಹೋಗಿದ್ದೆ ಡೀನಿ?" ಎಂದ ಹರ್ಮನ್.

ಫೆನ್ನಾ ತಿರುಗಿದಳು. "ಕೇಳಿಸ್ತಾ ಓಮಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಡೀನಿಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಪುಟ್ಟೀ. ಒಳಗೆ ಬಿಡ್ಲಿಲ್ಲ. ಕ್ಯೂನಲ್ಲೇ ನಿಂತಿದ್ದೆ."

"ನಿನ್ನ ಹುಡುಕ್ತಾ ಹುಡುಕ್ತಾ ಹಾಡಿನ ಒಂದು ಸಾಲು ಬಿಟ್ಬಿಟ್ಟೆ," ಎಂದಳು ಹುಡುಗಿ.

ಮಾರ್ಲುಸ್ ಏಪ್ರನ್ ಬಿಚ್ಚಿ ಚಾಚಿದಳು. "ತಗೊಳ್ಳಮ್ಮಾ. ನನ್ ಕೈಲಾಗಲ್ಲ, ಸತ್ತೇ ಹೋದೆ."

ಡೀನಿ ಅದನ್ನು ತೆಗೆದುಕೊಳ್ಳಲಿಲ್ಲ. "ಈಗ ಹಾಡ್ತೀಯಾ?" ಎಂದು ಫೆನ್ನಾಳನ್ನು ಕೇಳಿದಳು.

"ಇಲ್ಲೇನಾ?"

"ಇಲ್ಲೇ."

ಹುಡುಗಿ ಯೋಚಿಸಿದಳು. ಮೂಗೊರೆಸಿಕೊಂಡು ಪೆಟ್ಟಿಗೆಯ ಮೇಲೆ ಎದ್ದು ನಿಂತು ಶುರುಮಾಡಿದಳು. ಮೊದಮೊದಲು ದನಿ ಹೊರಡಲಿಲ್ಲ, ಆಮೇಲೆ ಹೊರಟಿತು. ಹರ್ಮನ್ ವೈನಿನ ಲೋಟ ಕೆಳಗಿಟ್ಟ. ಸಾಲು ನಿಂತಿತು, ಫೋನುಗಳು ಮೇಲೆದ್ದವು. ಡೀನಿಯ ಬೆನ್ನನ್ನು ಯಾರೋ ಬೆರಳಿನಿಂದ ತಟ್ಟಿದರು.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನೀವು ಅಡ್ಡ ಇದೀರಿ, ಹುಡುಗಿ ಕಾಣ್ತಿಲ್ಲ."

ಡೀನಿ ತಿರುಗಿ ಕೂಡ ನೋಡಲಿಲ್ಲ.

"ಬರಲ್ಲ," ಎಂದಳು. "ಅವಳು ಹಾಡ್ತಾ ಇರೋದು ನನಗೆ."